ಇನ್ನೂರೈವತ್ತು ಓಮ್

ಓಮ್ ಅಂದರೆ ಇಲ್ಲಿ ಪ್ರಣವ ಅಲ್ಲ, ತಡೆ.
ತಂತಿಯ ಬಾಗಿಲಲ್ಲಿ ಕೂತು
ಯಾರಪ್ಪಾ ನೀನು, ಎಷ್ಟು ದಮ್ಮಿದೆ, ಅಂತ ಕೇಳುವ
ದೌಲತ್ತಿನ ಕಾವಲುಗಾರ.

ಜೂನಾ ಬಜಾರಿನಲ್ಲಿ, ಭಾನುವಾರ,
ತುಕ್ಕು ಹಿಡಿದ ಇಕ್ಕಳ, ಜೊತೆ ಕಳಕೊಂಡ ಶೂ,
ಇವುಗಳ ನಡುವೆ ಸಿಕ್ಕಿತು ಹೆಡ್‌ಫೋನು.
ಎಂಟುನೂರು ಅಂದವನು ಆರುನೂರೈವತ್ತಕ್ಕೆ ಕೊಟ್ಟ.
ಮುಚ್ಚಿಹೋದ ಯಾವುದೋ ಸ್ಟುಡಿಯೋದ ಮಾಲು.
ಬಲಗಿವಿಯ ಮೆತ್ತೆಯ ಒಳಗೆ ಬಾಲ್‌ಪೆನ್ನಿನಲ್ಲಿ
ವೈಜಯಂತಿ, ಎರಡನೇ ಬೂತ್, ಎಂದು ಮರಾಠಿಯಲ್ಲಿತ್ತು.
ಎಷ್ಟು ವರ್ಷ ಕೇಳಿದಳೋ, ಏನು ಕೇಳಿದಳೋ,
ಮೆತ್ತೆ ಮಾತ್ರ ಇನ್ನೂ ಅವಳ ಕಿವಿಯ ಅಳತೆಗೇ ತಗ್ಗಿದೆ.

ತೂತೇ ಇಲ್ಲದ ನನ್ನ ಫೋನಿಗೆ
ಒಂದು ಮೋಟು ಬಾಲ ಸಿಕ್ಕಿಸಿ ಹಾಕಿಕೊಂಡರೆ
ವಾಲ್ಯೂಮು ತುದಿ ಮುಟ್ಟಿದರೂ ದನಿ ಹೊರಗೇ ನಿಂತಿತು,
ಎಷ್ಟು ಕರೆದರೂ ಹೊಸ್ತಿಲು ದಾಟದ ನೆಂಟನ ಹಾಗೆ.

ನಾನು ಕೇಳುವುದು ಹಾಡಲ್ಲ. ಹೇಳಿಬಿಡುತ್ತೇನೆ, ನಗಬೇಡಿ.
ಭೋಸರಿಯ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷದಿಂದ
ಬೇರಿಂಗು ತಪಾಸಣೆ ನನ್ನ ಕೆಲಸ.
ಉದ್ದ ಸ್ಕ್ರೂಡ್ರೈವರಿನ ಮೊನೆ ಮೋಟರಿಗೆ,
ಹಿಡಿ ನನ್ನ ಕಿವಿಯ ಬುಡಕ್ಕೆ.
ಕಾಮಠೆ ಮೇಸ್ತ್ರಿ ಕಲಿಸಿದ್ದು:
ಗುಂಡು ನೆಟ್ಟಗಿದ್ದರೆ ಹಾಲು ಕಾಯುವ ಸದ್ದು,
ಕೆಟ್ಟಿದ್ದರೆ ಒಣ ಅವಲಕ್ಕಿ ಅಗಿದ ಸದ್ದು.
ಮೆಚ್ಚಿದ ಸದ್ದುಗಳನ್ನು ಫೋನಿನಲ್ಲಿ ಹಿಡಿದಿಟ್ಟಿದ್ದೇನೆ,
ನೂರಾ ಹನ್ನೆರಡು. ಒಂದೊಂದಕ್ಕೂ ಹೆಸರು, ತಾರೀಖು.
ರಾತ್ರಿ ಕೇಳುತ್ತೇನೆ.
ಹೆಂಡತಿಗೆ ಗೊತ್ತು. ಬೀಗರಿಗೆ ಗೊತ್ತಿಲ್ಲ.

ಹಾಗಾದರೆ ಆಂಪ್ಲಿಫೈಯರು ಬೇಕೋ, ಬೇಡವೋ?
ತಾಪಕೀರ್ ಗಲ್ಲಿಯ ಓಸ್ವಾಲ್ ಶೇಟ್ ಅಂದ:
"ತುದಿಗೆ ಏರಿಸಿದರೂ ಸಾಲದಿದ್ದರೆ ತಗೊಳ್ಳಿ.
ಮುಕ್ಕಾಲಿಗೇ ಸಾಕೆನಿಸಿದರೆ ದುಡ್ಡು ಜೇಬಲ್ಲೇ ಇರಲಿ.
ಮತ್ತೆ, ಶಕ್ತಿ ಇಮ್ಮಡಿ ಆದರೂ ಕಿವಿಗೆ ಸಿಗೋದು
ಚೂರೇ ಚೂರು ಹೆಚ್ಚು. ಸಂಬಳ ಇದ್ದ ಹಾಗೆ."
ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದೊಂದು ಡಬ್ಬಿ, ನಾಲ್ಕೂವರೆ ಸಾವಿರ.
ಸಿಕ್ಕಿಸಿದ. ಗುಂಡಿ ತಿರುಗಿಸಿದ.

ದೇವರಾಣೆ, ಮೋಟರು ಅಂಗಡಿಯೊಳಗೇ ಬಂತು!
ಹದಿನಾರನೇ ಇಸವಿಯ ದೀಪಾವಳಿಗೆ ಮುಂಚಿನ ರಾತ್ರಿಪಾಳಿ,
ಗ್ರೀಸಿನ ವಾಸನೆ,
ದೂರದಲ್ಲಿ ಯಾರೋ ಕೆಮ್ಮಿದ್ದು, ಕಾಮಠೆಯೇ ಇರಬೇಕು.
ಜೊತೆಗೇ ಫೋನಿನ ಬಡತನವೂ ಕೇಳಿಸಿತು, ಸುಸ್ಸ್ ಅಂತ.
ಡಬ್ಬಿ ಹೊಸದೇನನ್ನೂ ಸೇರಿಸುವುದಿಲ್ಲ,
ಇದ್ದದ್ದನ್ನೆಲ್ಲ ಕಸದ ಸಮೇತ ಹೊತ್ತು ತರುತ್ತದೆ.

ಕೈ ಆಗಲೇ ಜೇಬಿಗೆ ಹೋಗಿತ್ತು.
ಶೇಟ್‌ಗೆ ಏನನ್ನಿಸಿತೋ, ಡಬ್ಬಿ ಕಿತ್ತು,
ಬರಿಯ ಫೋನಿಗೇ ಮತ್ತೆ ಸಿಕ್ಕಿಸಿ
ಚಹಾ ತಂದ ಹುಡುಗನ ತಲೆಗೆ ಇಟ್ಟ.
ಜುನೈದ್. ನನ್ನ ನೌಕರಿಯಷ್ಟೇ ವಯಸ್ಸು.
"ಏವಢಾ ಮೋಠಾ ಕಶಾಲಾ, ಕಾಕಾ?"
ಇಷ್ಟು ದೊಡ್ಡದು ಯಾಕೆ ಅಂತ ಕೇಳಿ ಅರ್ಧಕ್ಕೆ ಇಳಿಸಿದ.
ಕಣ್ಣು ಮುಚ್ಚಿದ. ಆಮೇಲೆ ಅಂದ:
"ಒಳಗೆ ಜೀರುಂಡೆ ಕೂಗ್ತಿದೆಯಲ್ಲ, ಅದೇನು?"

ಜೀರುಂಡೆ?
ನಾನು ಕಿತ್ತುಕೊಂಡು ಹಾಕಿಕೊಂಡೆ. ಹಾಲು ಕಾಯುತ್ತಿತ್ತು.
ಡಬ್ಬಿ ಸಿಕ್ಕಿಸಿ ಕೇಳಿದೆ. ಹಾಲು, ದೊಡ್ಡ ಹಂಡೆಯ ಹಾಲು.
ಹುಡುಗ ಬೆರಳೆತ್ತಿ ತೋರಿಸಿದ, ಈಗ, ಈಗ, ಮತ್ತೆ ಈಗ,
ಸುತ್ತಿಗೊಮ್ಮೆ, ಲೆಕ್ಕ ತಪ್ಪದೆ.
ಫೋನಿನ ಪರದೆಯ ಮೇಲೆ ನನ್ನದೇ ಅಕ್ಷರ: ಒಳ್ಳೆಯದು, ಪಾಸು.

ಪ್ರತಿ ಮಾರ್ಚಿನಲ್ಲಿ ಕಂಪನಿಯ ಡಾಕ್ಟರಮ್ಮ
ಸದ್ದು ಕೇಳಿದಾಗ ಗುಂಡಿ ಒತ್ತಿ ಅನ್ನುತ್ತಾಳೆ.
ಗಾಜಿನಾಚೆ ಅವಳ ಮೊಣಕೈ ಅಲುಗಿದಾಗ
ನಾನು ಒತ್ತುತ್ತಿದ್ದೆ.

ಡಬ್ಬಿ ಪೆಟ್ಟಿಗೆಗೆ ಮರಳಿತು.
ಶೇಟ್ ಮಾತಾಡಲಿಲ್ಲ, ತಂತಿ ಸುತ್ತಿದ.
ಚಹಾ ಆರಿತ್ತು.
"ಹುಡುಗನಿಗೆ ಒಂದು ತಾಸು ಬಿಡುವು ಕೊಡ್ತೀರಾ," ಅಂದೆ,
"ಇನ್ನು ನೂರಾ ಹನ್ನೊಂದು ಇವೆ."